ಬೆರಳು ನಿಂತಲ್ಲಿ ನೀನೂ ನಿಲ್ಲು

ಮಗಳೇ,

ಹೋದ ತಿಂಗಳು ನಿಮ್ಮ ಮನೆಗೆ ಬಂದಾಗ ಹೇಳಬೇಕು ಅಂದುಕೊಂಡಿದ್ದ ಮಾತೊಂದು ಹೊರಡುವ ಗಡಿಬಿಡಿಯಲ್ಲಿ ಬಾಯಲ್ಲೇ ಉಳಿದುಹೋಯಿತು. ಹಾಲ್‌ನ ಗಾಜಿನ ಶೋಕೇಸಿನಲ್ಲಿ, ಬೆಳ್ಳಿ ಬಟ್ಟಲು, ಚನ್ನಪಟ್ಟಣದ ಗೊಂಬೆಗಳ ಪಕ್ಕ, ಪುಟ್ಟನಿಗೆ ಉಡುಗೊರೆ ಬಂದ ಚಿತ್ರಪುಸ್ತಕಗಳನ್ನೆಲ್ಲ ಒಪ್ಪವಾಗಿ ಜೋಡಿಸಿಟ್ಟಿದ್ದೀಯ. ಅವನು ಕೆಳಗೆ ನಿಂತು ಗಾಜಿಗೆ ಎರಡೂ ಅಂಗೈ ಒತ್ತಿ ನೋಡುತ್ತಿದ್ದ. ನಾನು ಕೇಳಿದ್ದಕ್ಕೆ ನೀನು, "ಹರೀತಾನೆ ದೊಡ್ಡಮ್ಮ, ಸ್ವಲ್ಪ ದೊಡ್ಡವನಾಗಲಿ ಅಂತ ಎತ್ತಿಟ್ಟಿದ್ದೀನಿ" ಅಂದೆ.

ಹರಿಯಲಿ ಕಣೇ. ಎರಡೂಕಾಲು ವರ್ಷದ ಮಗು ಪುಸ್ತಕ ಹರಿಯುವುದು ಸಿಟ್ಟಿಗಲ್ಲ. ಪುಟ ತಿರುವಲು ಬೇಕಾದಷ್ಟು ಹದ ಅದರ ಬೆರಳಿಗೆ ಇನ್ನೂ ಬಂದಿರುವುದಿಲ್ಲ. ಆ ಹದ ಬರುವುದೂ ಪುಟ ತಿರುವಿಯೇ. ಒಂದು ಗಮ್‌ಟೇಪ್ ತಂದಿಟ್ಟುಕೋ, ಹರಿದದ್ದನ್ನು ಅವನೆದುರೇ ಕೂತು ಅಂಟಿಸು. ರಟ್ಟಿನ ಹಾಳೆಯ ಪುಸ್ತಕಗಳಾದರೆ ಆ ಚಿಂತೆಯೂ ಇಲ್ಲ, ಜೊಲ್ಲು ಒರೆಸಿದರಾಯಿತು. ಇವತ್ತೇ ಎಲ್ಲವನ್ನೂ ಕೆಳಗಿಳಿಸಿ ಒಂದು ಅಗಲವಾದ ಬುಟ್ಟಿಯಲ್ಲಿ, ಮುಖಪುಟ ಮೇಲೆ ಕಾಣುವಂತೆ, ನೆಲದ ಮೇಲೆ ಇಡು. ಓದಲು ಬಾರದವನು ಪುಸ್ತಕವನ್ನು ಗುರುತಿಸುವುದು ಮುಖಪುಟದಿಂದಲೇ. ಸಾಲಾಗಿ ನಿಲ್ಲಿಸಿ ಬೆನ್ನು ಮಾತ್ರ ತೋರಿಸಿದರೆ ಅವನಿಗೆ ಎಲ್ಲವೂ ಒಂದೇ.

ನಾನು ಇಷ್ಟು ಜೋರಾಗಿ ಹೇಳಲು ಕಾರಣವಿದೆ. ಕೆಲಸಕ್ಕೆ ಸೇರಿದ ಮೊದಲ ಶಾಲೆಯಲ್ಲಿ ಒಂದು ಕಬ್ಬಿಣದ ಬೀರುವಿತ್ತು. 1987ರಲ್ಲಿ ಶುರುವಾದ ಕಪ್ಪುಹಲಗೆ ಕಾರ್ಯಾಚರಣೆ ಯೋಜನೆಯಲ್ಲಿ ಬಂದ ಕಥೆಪುಸ್ತಕಗಳು ಅದರೊಳಗಿದ್ದವು. ಹರಿದರೆ, ಕಳೆದರೆ ಲೆಕ್ಕ ಯಾರು ಕೊಡುವುದು ಎಂದು ಬೀಗ. ನಾನೂ ಎರಡು ವರ್ಷ ಆ ಬೀಗದ ಕೈಯನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡು ಸುಮ್ಮನಿದ್ದೆ. ಕೊನೆಗೊಂದು ಮಳೆಗಾಲದಲ್ಲಿ ಬೀರು ತೆಗೆದರೆ ಕೆಳಗಿನ ಖಾನೆಯ ಪುಸ್ತಕಗಳೆಲ್ಲ ಗೆದ್ದಲು ಹಿಡಿದಿದ್ದವು. ಒಂದು ಮಗುವಿನ ಬೆರಳಿನ ಗುರುತೂ ಇಲ್ಲದೆ ಮಣ್ಣಾದವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಉಳಿದ ಮೇಲಿನ ಖಾನೆಯವನ್ನು ಅಂದೇ ಹೊರಗೆ ತಂದೆ. ಚಿತ್ರಪುಸ್ತಕ ಓದುವುದು ಹೇಗೆಂದು ನಾನು ಕಲಿತದ್ದು ಆ ವಾರ, ಕಲಿಸಿದವರು ಒಂದನೇ ಕ್ಲಾಸಿನ ಮಕ್ಕಳು. ನಮ್ಮದು ಹೆಗ್ಗಡದೇವನಕೋಟೆ ತಾಲ್ಲೂಕು, ಕಾಡಂಚಿನ ಊರು. ಆನೆಯ ಕಥೆಯೊಂದನ್ನು ಎತ್ತಿಕೊಂಡು ಗಟ್ಟಿಯಾಗಿ ಓದತೊಡಗಿದೆ. 'ಅವನು ಹೊರಟ, ಅವನು ಹೊಳೆಗೆ ಬಂದ' ಅಂತ ಕಥೆ ಓಡುತ್ತಿತ್ತು. ಒಬ್ಬ ಹುಡುಗ ಎದ್ದುಬಂದು ಚಿತ್ರದ ಮೇಲೆ ಬೆರಳಿಟ್ಟು, "ಮಿಸ್, ಇದು ಅವನಲ್ಲ, ಅವಳು. ಕೊಂಬೇ ಇಲ್ಲ" ಅಂದ. ನಾನು ಆ ಪುಟವನ್ನು ಅದುವರೆಗೆ ನೋಡಿಯೇ ಇರಲಿಲ್ಲ, ಅಕ್ಷರಗಳನ್ನಷ್ಟೇ ನೋಡಿದ್ದೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬಳು, ಕೊಂಬಿಲ್ಲದ ಗಂಡಾನೆಯೂ ಇರುತ್ತದೆ, ನಮ್ಮಪ್ಪ ನೋಡಿದ್ದಾನೆ ಅಂತ ಎದ್ದು ನಿಂತಳು. ಅವಳು ಹೇಳಿದ್ದೂ ನಿಜವೇ. ಅಂಥದ್ದನ್ನು ಮಖನಾ ಅನ್ನುತ್ತಾರೆ. ಹಾಗಾದರೆ ಚಿತ್ರದಲ್ಲಿರುವುದು ಗಂಡೋ ಹೆಣ್ಣೋ? ಹಣೆ ನೋಡು, ಬೆನ್ನು ನೋಡು ಅಂತ ಇಡೀ ಕ್ಲಾಸು ಆ ಒಂದು ಪುಟದ ಸುತ್ತ ಅರ್ಧ ಗಂಟೆ ಕೂತಿತ್ತು. ಪಾಠದಲ್ಲಿ ಬಾಯೇ ಬಿಡದಿದ್ದ ಮೂವರು ಅವತ್ತು ನಿಲ್ಲಿಸದೆ ಮಾತಾಡಿದರು. ಕಥೆ ಮುಗಿಯಲೇ ಇಲ್ಲ.

ಪುಟ್ಟನನ್ನು ತೊಡೆಯ ಮೇಲೆ ಕೂರಿಸಿಕೊಂಡಾಗ ನೆನಪಿಟ್ಟುಕೋ ಮಗಳೇ: ನೀನು ಅಕ್ಷರ ಓದುತ್ತಿರುವಾಗ ಅವನು ಸುಮ್ಮನೆ ಕೇಳುತ್ತಿರುವುದಿಲ್ಲ, ಚಿತ್ರ ಓದುತ್ತಿರುತ್ತಾನೆ. ಅವನ ಓದು ನಿನ್ನದಕ್ಕಿಂತ ನಿಧಾನ, ನಿನ್ನದಕ್ಕಿಂತ ಸೂಕ್ಷ್ಮ. ಎರಡು ಸಾಲು ಓದಿ ಮುಗಿಯಿತೆಂದು ನೀನು ಪುಟ ತಿರುವಿದರೆ ಅವನು ಅರ್ಧ ಓದಿದ್ದನ್ನು ಕಿತ್ತುಕೊಂಡ ಹಾಗೆ. ಪುಟ ತಿರುವುವ ಕೆಲಸ ಅವನಿಗೇ ಬಿಡು. ಅವನ ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ನೀನೂ ನಿಲ್ಲು. ಮೂಲೆಯಲ್ಲಿರುವ ಇರುವೆಯನ್ನೇ ತೋರಿಸಿದನೋ, ಅವತ್ತಿನ ಕಥೆ ಇರುವೆಯದು. "ಇದೇನು? ಅದೇನು? ಇದು ಯಾವ ಬಣ್ಣ?" ಅಂತ ಪರೀಕ್ಷೆ ಮಾತ್ರ ಮಾಡಬೇಡ. ಅದನ್ನು ನಾವು ಟೀಚರುಗಳು ಬೇಕಾದಷ್ಟು ಮಾಡುತ್ತೇವೆ. ಅವನು "ಬೌಬೌ" ಅಂದರೆ ನೀನು, "ಹೌದಲ್ವಾ, ಕಪ್ಪು ಬೌಬೌ. ಬಾಲ ಅಲ್ಲಾಡಿಸ್ತಾ ಇದೆ" ಅಂತ ಅವನ ಮಾತಿಗೆ ಒಂದು ಹಿಡಿ ಸೇರಿಸಿ ವಾಪಸು ಕೊಡು.

ಹಾಗಾಗಿ ಪುಸ್ತಕ ಕೊಳ್ಳುವಾಗ ಕಥೆ ಮೊದಲು ಓದಬೇಡ, ಚಿತ್ರ ನೋಡು. ಮಾತು ಹೇಳದ್ದನ್ನು ಚಿತ್ರ ಹೇಳುತ್ತಿದೆಯೇ ಎಂದು ನೋಡು. 'ರೋಸೀಸ್ ವಾಕ್' ಅಂತ ಒಂದು ಪುಸ್ತಕವಿದೆ, ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ 1968ರಲ್ಲಿ ಬರೆದು ಚಿತ್ರಿಸಿದ್ದು. ಇಡೀ ಪುಸ್ತಕದಲ್ಲಿ ಇರುವುದು 32 ಪದ. ಕೋಳಿಯೊಂದು ಅಂಗಳ, ಕೊಳ, ಹುಲ್ಲಿನ ಬಣವೆ ಸುತ್ತಾಡಿಕೊಂಡು ಊಟದ ಹೊತ್ತಿಗೆ ಗೂಡು ಸೇರುತ್ತದೆ, ಅಷ್ಟೇ. ಆದರೆ ದಾರಿಯುದ್ದಕ್ಕೂ ಅದರ ಬೆನ್ನ ಹಿಂದೆ ಒಂದು ನರಿ ಇದೆ, ಹಾರುತ್ತದೆ, ಬೀಳುತ್ತದೆ, ಒದ್ದೆಯಾಗುತ್ತದೆ. ಆ ನರಿಯ ಬಗ್ಗೆ ಒಂದೇ ಒಂದು ಪದವೂ ಇಲ್ಲ! ಓದುವ ದೊಡ್ಡವರಿಗಿಂತ ನೋಡುವ ಮಗುವಿಗೆ ಹೆಚ್ಚು ಗೊತ್ತು. ಮಗುವಿಗೆ ಅಂಥ ಹಿರಿತನ ಕೊಡುವ ಪುಸ್ತಕ ಸಿಕ್ಕರೆ ಬೆಲೆ ನೋಡದೆ ತಗೋ.

ನಿನ್ನ ಶೋಕೇಸಿನಲ್ಲಿ ಎರಿಕ್ ಕಾರ್ಲ್ ಅವರ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' ನೋಡಿದೆ, 1969ರ ಪುಸ್ತಕ. ಇಂಗ್ಲಿಷ್ ಎಂದು ಹೆದರಬೇಡ, ಕನ್ನಡದಲ್ಲೇ ಹೇಳು. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಮರಸೇಬು, ಶುಕ್ರವಾರದ ಹೊತ್ತಿಗೆ ಐದು ಕಿತ್ತಳೆ. ಬುಧವಾರದ ಪ್ಲಮ್ ಹಣ್ಣನ್ನು ದೊಡ್ಡ ನೇರಳೆ ಅಂದರೂ ನಡೆಯುತ್ತದೆ. ಹುಳ ತಿಂದ ಕಡೆಯೆಲ್ಲ ಹಾಳೆಯಲ್ಲಿ ನಿಜವಾದ ತೂತುಗಳಿವೆ. ಅವನು ಬೆರಳು ತೂರಿಸಲಿ, ತೂತು ಇರುವುದೇ ಅದಕ್ಕೆ. ಆಮೇಲೆ ಬಾಲ್ಕನಿಯ ಕರಿಬೇವಿನ ಗಿಡ ತೋರಿಸು. ಅದರ ಎಲೆ ತಿನ್ನುವ ಹುಳ ಮೊದಮೊದಲು ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ, ಬೆಳೆದಂತೆ ಹಸಿರಾಗುತ್ತದೆ. ಸಿಕ್ಕರೆ ಔಷಧಿ ಹೊಡೆಯಬೇಡ. ಅದು ಕೋಶ ಕಟ್ಟಿ ಚಿಟ್ಟೆಯಾಗುವುದನ್ನು ಒಮ್ಮೆ ಕಣ್ಣಾರೆ ಕಂಡ ಮಗುವಿಗೆ ಆ ಪುಸ್ತಕ ಬೇರೆಯೇ ಆಗುತ್ತದೆ.

ಕನ್ನಡದ ಬಗ್ಗೆ ಒಂದು ಮಾತು. ನಮ್ಮ ಅನೇಕ ಚಿತ್ರಪುಸ್ತಕಗಳು ಬೇರೆ ಭಾಷೆಯಿಂದ ಬಂದವು. ಅವುಗಳ ಕನ್ನಡ ಕೆಲವೊಮ್ಮೆ ಆಫೀಸಿನ ಸುತ್ತೋಲೆಯಷ್ಟು ಬಿಗಿಯಾಗಿರುತ್ತದೆ. 'ಆತನು ಗಾಬರಿಗೊಂಡವನಾಗಿ ಓಡತೊಡಗಿದನು' ಅಂತ ಇದ್ದರೆ, ನೀನು "ಹೆದರಿಕೊಂಡು ಓಡ್ದಾ, ಓಡ್ದಾ, ಓಡ್ದಾ" ಅಂತ ಓದು. ಪುಸ್ತಕಕ್ಕೇನೂ ಅಪಚಾರವಾಗುವುದಿಲ್ಲ. ಮೂರು ವರ್ಷದವರೆಗೆ ನಿನ್ನ ಬಾಯಿಯ ಕನ್ನಡವೇ ಅವನ ಕನ್ನಡ. ಅಳಿಯಂದಿರು ಧಾರವಾಡದವರು, ಅವರು ಅವರ ಮಾತಿನಲ್ಲೇ ಓದಲಿ, ತಿದ್ದಲು ಹೋಗಬೇಡ. ಒಂದೇ ಪುಸ್ತಕ ಎರಡು ಕನ್ನಡದಲ್ಲಿ ಕೇಳುವ ಭಾಗ್ಯ ಎಷ್ಟು ಮಕ್ಕಳಿಗಿದೆ? ನಾಲ್ಕು ದಾಟಿದ ಮೇಲೆ ಮಾತ್ರ ಪುಸ್ತಕದಲ್ಲಿದ್ದಂತೆಯೇ ಓದು. ಬರಹದ ಕನ್ನಡ ಆಗ ಕಿವಿಗೆ ಬಿದ್ದಿದ್ದರೆ ಮುಂದೆ ಶಾಲೆಯ ಪುಸ್ತಕ ಪರಕೀಯ ಅನ್ನಿಸುವುದಿಲ್ಲ.

ಪಂಜೆ ಮಂಗೇಶರಾಯರು, ರಾಜರತ್ನಂ ಕಟ್ಟಿಕೊಟ್ಟ ಶಿಶುಗೀತೆಗಳಂತೂ ಪುಸ್ತಕವಿಲ್ಲದೆಯೂ ನಿನ್ನ ಬಾಯಲ್ಲಿವೆ, ನಿನ್ನಮ್ಮನೂ ನಾನೂ ಹಾಡಿ ಹಾಡಿ ಕೂರಿಸಿದ್ದೇವೆ. ಅವನ್ನು ಸ್ನಾನ ಮಾಡಿಸುವಾಗ ಹಾಡು. ಕಿವಿಗೆ ಅಷ್ಟು ಶ್ರೀಮಂತವಾಗಿದ್ದ ನಮ್ಮ ಮಕ್ಕಳ ಸಾಹಿತ್ಯದಲ್ಲಿ ಕಣ್ಣಿಗೆ ಬಣ್ಣದ ಪುಸ್ತಕ ಬಹಳ ಕಡಿಮೆ ಇತ್ತು. ಈಗ ಹಾಗಿಲ್ಲ ಎನ್ನುವುದೇ ನನ್ನ ಸಂತೋಷ.

ಯಾವ ಪುಸ್ತಕ ಅಂತ ಕೇಳಿದ್ದೆಯಲ್ಲ. ಚೆನ್ನೈನ ತೂಲಿಕಾದವರು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪುಸ್ತಕ ತರುತ್ತಾರೆ. ಅದರಲ್ಲಿ ಅಶೋಕ್ ರಾಜಗೋಪಾಲನ್ ಬರೆದು ಚಿತ್ರಿಸಿದ 'ಗಜಪತಿ ಕುಲಪತಿ' ಪುಟ್ಟನಿಗೆ ಈಗಲೇ ಆಗುತ್ತದೆ. ಆನೆಗೆ ನೆಗಡಿ, ಸೀನು ಬಂದರೆ ಊರೇ ಅಲ್ಲೋಲಕಲ್ಲೋಲ. ಸೀನುವುದು ನಿನ್ನ ಕೆಲಸ, ನಾಚಿಕೆ ಬಿಟ್ಟು ಸೀನು. ಅವರದೇ 'ವಾಟ್ ಶಲ್ ಐ ಮೇಕ್?', ನಂದಿನಿ ನಾಯರ್ ಕಥೆ, ಪ್ರೊಯಿತಿ ರಾಯ್ ಚಿತ್ರ. ಅಮ್ಮ ಚಪಾತಿ ಮಾಡುವಾಗ ಮಗ ಒಂದು ಉಂಡೆ ಹಿಟ್ಟು ಇಸಿದುಕೊಂಡು ಒಂದೊಂದೇ ಪ್ರಾಣಿ ಮಾಡುತ್ತಾ ಹೋಗುತ್ತಾನೆ. ನಮ್ಮ ಅಡುಗೆಮನೆಯ ಕಥೆ.

ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಶೃಂಗೇರಿ ಶ್ರೀನಿವಾಸನನ್ನು ಅವನಿಗೆ ಮೂರು ತುಂಬಿದ ಮೇಲೆ ಪರಿಚಯ ಮಾಡಿಸು. ವರ್ಷಕ್ಕೊಮ್ಮೆ ಕೂದಲು ಕತ್ತರಿಸಿಕೊಳ್ಳುವ ರೈತ, ಆ ದಿನವೇ ಊರಲ್ಲಿ ಯಾರಿಗೂ ಪುರುಸೊತ್ತಿಲ್ಲ. ಮತ್ತೆ ಮತ್ತೆ ಬರುವ "ಆಗಲ್ಲಪ್ಪ" ಅನ್ನುವ ಉತ್ತರವನ್ನು ಮಕ್ಕಳು ತಾವೇ ಕೂಗಿ ಹೇಳುತ್ತಾರೆ.

ನ್ಯೂಜೆರ್ಸಿಯಲ್ಲಿರುವ ನಿನ್ನಣ್ಣನ ಮಗಳಿಗೆ ಐದಾಯಿತಲ್ಲ, ಅವಳಿಗೆ ರಾಜೀವ್ ಐಪ್ ಅವರ 'ಅಮ್ಮಚಿಸ್ ಅಮೇಜಿಂಗ್ ಮಷೀನ್ಸ್'. ಅಜ್ಜಿ ಮೊಮ್ಮಗ ಸೇರಿ ಕೊಬ್ಬರಿ ಮಿಠಾಯಿ ಮಾಡಲು ರಾಟೆ, ಸನ್ನೆಕೋಲು ಎಲ್ಲ ಹೂಡುತ್ತಾರೆ. ಅದನ್ನು ಓದಿದ ಮೇಲೆ ನಾನು ವಿಡಿಯೋ ಕಾಲ್‌ನಲ್ಲಿ ಈಳಿಗೆಮಣೆ ತೋರಿಸಿದೆ. "ಅಜ್ಜಿ, ದಟ್ ಈಸ್ ಎ ಮಷೀನ್!" ಅಂದಳು. ಈಗ ಪ್ರತಿ ಭಾನುವಾರ ಒಂದೇ ಪುಸ್ತಕ ಅವಳ ಕೈಯಲ್ಲೂ ಇರುತ್ತದೆ, ನನ್ನ ಕೈಯಲ್ಲೂ ಇರುತ್ತದೆ. ನಾನು ಓದುತ್ತೇನೆ, ಪುಟ ಅವಳು ತಿರುವುತ್ತಾಳೆ. ಬರೀ "ಊಟ ಆಯ್ತಾ" ಅಂತ ಕೇಳುತ್ತಿದ್ದ ದಿನಗಳಲ್ಲಿ ಎರಡು ನಿಮಿಷಕ್ಕೆ ಎದ್ದು ಓಡುತ್ತಿದ್ದವಳು ಈಗ ಅರ್ಧ ಗಂಟೆ ಕೂರುತ್ತಾಳೆ. ಮುಂದಿನ ವರ್ಷ ಅವಳಿಗೆ ಮಹಾಶ್ವೇತಾ ದೇವಿಯವರ 'ದಿ ವೈ-ವೈ ಗರ್ಲ್' ಓದಬೇಕು ಅಂತ ಎತ್ತಿಟ್ಟಿದ್ದೇನೆ. ಶಬರ ಬುಡಕಟ್ಟಿನ ಮೊಯ್ನಾ ಎಂಬ ಹುಡುಗಿ ಕೇಳುವ ಪ್ರಶ್ನೆಗಳಿಗೆ ದೊಡ್ಡವರಾದ ನಮ್ಮಲ್ಲೂ ಉತ್ತರವಿಲ್ಲ. ಅದನ್ನು ಪುಟ್ಟನಿಗೆ ಈಗಲೇ ಓದಬೇಡ, ವಯಸ್ಸಿಗೆ ಮೊದಲು ಓದಿದರೆ ವ್ಯರ್ಥವಾಗುತ್ತದೆ.

ದುಡ್ಡಿನ ಚಿಂತೆ ಬೇಡ. ಪ್ರಥಮ್‌ನವರೇ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಉಚಿತವಾಗಿವೆ, ಮುದ್ರಿಸಿಕೊಳ್ಳಲೂ ಅನುಮತಿಯಿದೆ. ಫೋನಿನಲ್ಲಿ ತೋರಿಸದೆ ಬಣ್ಣದ ಪ್ರಿಂಟ್ ತೆಗೆಸಿ ಹೊಲಿದುಕೊಡು. ಫೋನಿನಲ್ಲಿ ಅವನ ಬೆರಳು ಚಿತ್ರದ ಮೇಲೆ ನಿಲ್ಲುವುದಿಲ್ಲ, ಸರಿಸುತ್ತಲೇ ಇರುತ್ತದೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆಯನ್ನೂ ಪುಸ್ತಕ ಮೇಳದಲ್ಲಿ ಹುಡುಕು. ಊರಿಗೆ ಬಂದಾಗ ಇವನನ್ನು ಪಂಚಾಯ್ತಿ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗೋಣ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಅಲ್ಲಿ ಶಾಲಾಮಕ್ಕಳಿಗೆ ಸದಸ್ಯತ್ವ ಉಚಿತ. ಇವನಿಗೆ ಇನ್ನೂ ವಯಸ್ಸಾಗಿಲ್ಲ, ಆದರೆ ದೊಡ್ಡ ಮಕ್ಕಳು ನೆಲದ ಮೇಲೆ ಕವುಚಿ ಮಲಗಿ ಓದುವುದನ್ನು ನೋಡಲಿ.

ಬಟನ್ ಒತ್ತಿದರೆ ಕೂಗುವ ಪುಸ್ತಕ ಬೇಡ. ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ 'ನೀತಿ' ಅಂತ ಅಚ್ಚಾಗಿರುವುದೂ ಬೇಡ. ಅಕ್ಷರ ಕಲಿಸುವ ಆತುರವಂತೂ ಬೇಡವೇ ಬೇಡ. ಅದಕ್ಕೆ ಶಾಲೆಯಿದೆ, ನನ್ನಂಥವರಿದ್ದೇವೆ.

ಒಂದೇ ಪುಸ್ತಕವನ್ನು ಹದಿನೈದು ದಿನ ಅವನು ತಂದು ಕೊಟ್ಟರೆ ಹದಿನೈದು ದಿನವೂ ಓದು. ನಿನಗೆ ಬೇಸರವಾಗುತ್ತದೆ, ನನಗೂ ಆಗಿದೆ. ನೀನು ಎರಡು ವರ್ಷದವಳಿದ್ದಾಗ ಒಂದು ಹಸುವಿನ ಪುಸ್ತಕವನ್ನು ಹಾಳೆ ಬಟ್ಟೆಯಾಗುವಷ್ಟು ಓದಿಸಿದ್ದೀಯ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ನಾನೊಂದು ಸಾಲು ಹಾರಿಸಿದೆ. ನೀನು ನನ್ನ ಗಲ್ಲ ಹಿಡಿದು ತಿರುಗಿಸಿ, "ಕರು ಬಂತು, ಕರು" ಅಂದೆ. ಅದು ನಿನ್ನ ಮೊದಲ ಪೂರ್ತಿ ವಾಕ್ಯ. ನಿನ್ನಮ್ಮ ಅಡುಗೆಮನೆಯಿಂದ ಓಡಿಬಂದಿದ್ದಳು.

ಬರುವ ಗುರುವಾರ ಸಂಜೆಯ ರೈಲಿಗೆ ಬರುತ್ತೇನೆ. ಚಪಾತಿ ಹಿಟ್ಟಿನ ಆ ಪುಸ್ತಕ ಚೀಲದಲ್ಲಿದೆ. ಬುಟ್ಟಿ ನೆಲದ ಮೇಲಿರಲಿ, ಹಿಟ್ಟನ್ನು ಕೊಂಚ ಗಟ್ಟಿಯಾಗಿಯೇ ನಾದಿಟ್ಟಿರು.

ನಿನ್ನ ದೊಡ್ಡಮ್ಮ