ಅರೆತಲೆನೋವು: ಫಲಕಾರಿ ಚಿಕಿತ್ಸೆಯ ದಾರಿ



ಕಾಯವು ಕಾಯಕಕ್ಕೆ ಸಾಧನ. ಅದನ್ನು ಕಾಪಾಡಿಕೊಳ್ಳುವುದೂ ಧರ್ಮವೇ. ಕಾಯಕ್ಕೆ ಒದಗುವ ಬಾಧೆಗಳಲ್ಲಿ ಕೆಲವು ಹೊರಗೆ ಕಾಣಿಸುತ್ತವೆ, ಕೆಲವು ಕಾಣಿಸುವುದಿಲ್ಲ. ಕಾಣಿಸದ ಬಾಧೆಗಳ ಸಾಲಿನಲ್ಲಿ ಅರೆತಲೆನೋವಿಗೆ ಮೊದಲ ಸ್ಥಾನ. ಗಾಯವಿಲ್ಲ, ಜ್ವರವಿಲ್ಲ, ರಕ್ತಪರೀಕ್ಷೆಯಲ್ಲಿ ದೋಷವಿಲ್ಲ. ಆದುದರಿಂದಲೇ ರೋಗಿಯು ನೋವಿನ ಜೊತೆಗೆ ಮನೆಯವರ ಅವಿಶ್ವಾಸವನ್ನೂ ಸಹಿಸಬೇಕಾಗುತ್ತದೆ. ಅಡುಗೆಮನೆಗೆ ಬಾರದ ಸೊಸೆಯನ್ನು ಸೋಮಾರಿಯೆಂದೂ, ಪರೀಕ್ಷೆಯ ದಿನ ಮಲಗಿದ ವಿದ್ಯಾರ್ಥಿಯನ್ನು ಅಂಜುಬುರುಕನೆಂದೂ ಕರೆಯುವುದನ್ನು ನಾವು ಬಹಳ ವರ್ಷಗಳಿಂದ ಕೇಳುತ್ತಲೇ ಬಂದಿದ್ದೇವೆ. ಇದು ಸೋಗಲ್ಲ, ನಿಜವಾದ ವ್ಯಾಧಿ.

ಇದು ವಿರಳವಾದ ವ್ಯಾಧಿಯೂ ಅಲ್ಲ. ಬೆಂಗಳೂರು ನಗರ ಹಾಗೂ ಗ್ರಾಮಾಂತರ ಪ್ರದೇಶಗಳಲ್ಲಿ ನಿಮ್ಹಾನ್ಸ್ ಸಂಶೋಧಕರು ಮನೆಮನೆಗೆ ತೆರಳಿ ನಡೆಸಿದ ಸಮೀಕ್ಷೆಯು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ. 25ರಷ್ಟು ಮಂದಿಗೆ, ಅಂದರೆ ನಾಲ್ವರಲ್ಲಿ ಒಬ್ಬರಿಗೆ, ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಬಾಧಿಸಿರುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚು.

ವ್ಯಾಧಿಯನ್ನು ಗುರುತಿಸುವುದು

ಎಲ್ಲ ತಲೆನೋವೂ ಅರೆತಲೆನೋವಲ್ಲ. ಚಿಕಿತ್ಸೆ ಕೊಡದಿದ್ದರೆ ನಾಲ್ಕು ಗಂಟೆಯಿಂದ ಮೂರು ದಿನಗಳವರೆಗೆ ಇರುವುದು, ಬಹುಮಟ್ಟಿಗೆ ತಲೆಯ ಒಂದು ಪಾರ್ಶ್ವದಲ್ಲಿ ಬರುವುದು, ನಾಡಿ ಬಡಿದಂತೆ ಮಿಡಿಯುವುದು, ಮೆಟ್ಟಿಲು ಹತ್ತಿದರೆ ಅಥವಾ ಬಗ್ಗಿದರೆ ಹೆಚ್ಚಾಗುವುದು, ವಾಕರಿಕೆ ಅಥವಾ ವಾಂತಿ ಬರುವುದು, ಬೆಳಕು ಮತ್ತು ಶಬ್ದಗಳನ್ನು ಸಹಿಸಲಾಗದಿರುವುದು ಇದರ ಲಕ್ಷಣಗಳು. ಕೆಲವರಿಗೆ ನೋವಿಗೆ ಮುನ್ನ ಕಣ್ಣೆದುರು ಮಿಂಚುವ ಅಂಕುಡೊಂಕಾದ ಗೆರೆಗಳು ಕಾಣಿಸಿಕೊಂಡು, ಒಂದು ಗಂಟೆಯೊಳಗೆ ಮರೆಯಾಗುತ್ತವೆ.

ತಿಂಗಳಿಗೆ 15 ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವು ಬರುತ್ತಿದ್ದು, ಅವುಗಳಲ್ಲಿ ಕನಿಷ್ಠ 8 ದಿನ ಮೈಗ್ರೇನಿನ ಲಕ್ಷಣಗಳಿದ್ದು, ಇದು ಮೂರು ತಿಂಗಳನ್ನು ಮೀರಿ ಮುಂದುವರಿದರೆ ಅದನ್ನು ದೀರ್ಘಕಾಲೀನ ಮೈಗ್ರೇನ್ ಎಂದು ಆಧುನಿಕ ವೈದ್ಯವು ಪರಿಗಣಿಸುತ್ತದೆ. ಈ ಲೇಖನವು ಮುಖ್ಯವಾಗಿ ಅಂಥವರಿಗಾಗಿ.

ಶಾಸ್ತ್ರದ ದೃಷ್ಟಿ

ಆಯುರ್ವೇದದಲ್ಲಿ ಈ ವ್ಯಾಧಿಗೆ ಅರ್ಧಾವಭೇದಕ ಎಂದು ಹೆಸರು. ಅರ್ಧ ತಲೆಯನ್ನು ಭೇದಿಸುವಂಥದ್ದು ಎಂಬುದು ಅದರ ಅರ್ಥ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಹೇಳಿರುವ ಹನ್ನೊಂದು ಶಿರೋರೋಗಗಳಲ್ಲಿ ಇದೂ ಒಂದು. ಹದಿನೈದು ದಿನಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಅಥವಾ ಹೊತ್ತುಗೊತ್ತಿಲ್ಲದೆ ಮರುಕಳಿಸುವುದನ್ನು ಸುಶ್ರುತರು ಗುರುತಿಸಿದ್ದಾರೆ. ಚರಕ ಸಂಹಿತೆಯ ಸಿದ್ಧಿಸ್ಥಾನವು ಕತ್ತು, ಹುಬ್ಬು, ಕಣತಲೆ, ಕಿವಿ, ಕಣ್ಣು, ಹಣೆಗಳ ಅರ್ಧಭಾಗದಲ್ಲಿ ಶಸ್ತ್ರದಿಂದ ಕಡಿದಂತಹ ನೋವನ್ನು ವರ್ಣಿಸುತ್ತದೆ. ವಾತವು ಒಂಟಿಯಾಗಿ ಅಥವಾ ಕಫದೊಡನೆ ಕೂಡಿ ಇದಕ್ಕೆ ಕಾರಣವೆಂದು ಚರಕರೂ, ಮೂರು ದೋಷಗಳೂ ಸೇರಿರುತ್ತವೆಂದು ಸುಶ್ರುತರೂ ಹೇಳುತ್ತಾರೆ. ಒಂದೇ ಔಷಧವು ಎಲ್ಲ ರೋಗಿಗಳಿಗೂ ಒಗ್ಗದಿರುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ.

ಸೂರ್ಯಾವರ್ತವೆಂಬ ಮತ್ತೊಂದು ಶಿರೋರೋಗವನ್ನು ಇದರೊಡನೆ ಬೆರೆಸಬಾರದು. ಅದು ಸೂರ್ಯೋದಯದೊಡನೆ ಆರಂಭವಾಗಿ, ಮಧ್ಯಾಹ್ನ ಉಲ್ಬಣಿಸಿ, ಸಂಜೆಗೆ ಇಳಿಯುತ್ತದೆ. ಅದರ ಚಿಕಿತ್ಸಾಕ್ರಮ ಬೇರೆ.

ಕಾರಣಗಳನ್ನು ಎಣಿಸುವಾಗ ಚರಕರು ರೂಕ್ಷಾಹಾರ, ಅತಿಯಾದ ಊಟ, ಉಂಡದ್ದು ಜೀರ್ಣವಾಗುವ ಮೊದಲೇ ಮತ್ತೆ ಉಣ್ಣುವುದು, ಮೂಡಣ ಗಾಳಿ, ಇಬ್ಬನಿ, ಅತಿ ಶ್ರಮ ಹಾಗೂ ಮಲಮೂತ್ರಾದಿ ವೇಗಗಳನ್ನು ತಡೆಯುವುದನ್ನು ಹೆಸರಿಸುತ್ತಾರೆ. ಕೊನೆಯದನ್ನು ನಮ್ಮ ತಾಯಂದಿರು ವಿಶೇಷವಾಗಿ ಗಮನಿಸಬೇಕು. ಹೊಲದ ಕೆಲಸದಲ್ಲಿ, ಬಸ್ಸಿನ ಪ್ರಯಾಣದಲ್ಲಿ, ಜಾತ್ರೆಯ ಜನಸಂದಣಿಯಲ್ಲಿ ಮೂತ್ರವನ್ನು ತಡೆಯುವುದು, ತಡೆಯಬೇಕಾಗುತ್ತದೆಂದು ನೀರನ್ನೇ ಕುಡಿಯದಿರುವುದು ಅವರಿಗೆ ಅಭ್ಯಾಸವಾಗಿಬಿಟ್ಟಿದೆ. ನೀರು ಕಡಿಮೆಯಾದರೂ ನೋವು ಕೆರಳುತ್ತದೆ.

ಗುಳಿಗೆಯೇ ನೋವಾಗುವ ಬಗೆ

ದೀರ್ಘಕಾಲದ ರೋಗಿಗಳಲ್ಲಿ ನಾವು ಕಾಣುವ ಕಥೆ ಬಹುಮಟ್ಟಿಗೆ ಒಂದೇ. ಮೊದಲು ತಿಂಗಳಿಗೆರಡು ಸಲ ನೋವು. ಊರಿನ ಔಷಧದಂಗಡಿಯ ಗುಳಿಗೆಯಿಂದ ಅರ್ಧ ಗಂಟೆಯಲ್ಲಿ ಶಮನ. ಕೆಲವು ವರ್ಷಗಳಲ್ಲಿ ವಾರಕ್ಕೆರಡು ಸಲ, ಅನಂತರ ದಿನ ಬಿಟ್ಟು ದಿನ. ಗುಳಿಗೆಯ ಪಟ್ಟಿ ಸೀರೆಯ ಸೆರಗಿನ ಗಂಟಿನಲ್ಲೇ ಇರುತ್ತದೆ. ಬೆಳಗಿನ ಜಾವ ಎಚ್ಚರವಾಗುವುದೇ ನೋವಿನಿಂದ.

ಇಲ್ಲಿ ಮೂಲವ್ಯಾಧಿಯ ಮೇಲೆ ಎರಡನೆಯ ವ್ಯಾಧಿಯೊಂದು ಬಂದು ಕುಳಿತಿದೆ. ಪ್ಯಾರಸಿಟಮಾಲ್, ಐಬುಪ್ರೊಫೆನ್‌ಗಳಂತಹ ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಎರಡು ಮೂರು ದ್ರವ್ಯ ಬೆರೆತ ಗುಳಿಗೆಗಳನ್ನು, ಎರ್ಗೊಟಮಿನ್ ಅಥವಾ ಟ್ರಿಪ್ಟಾನ್‌ಗಳನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು, ಮೂರು ತಿಂಗಳನ್ನು ಮೀರಿ ಸೇವಿಸಿದರೆ ಆ ಔಷಧವೇ ತಲೆನೋವನ್ನು ಹುಟ್ಟಿಸತೊಡಗುತ್ತದೆ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ಹಾನಿಗಳ ಅಪಾಯ ಬೇರೆ. ಈ ಗಂಟನ್ನು ಬಿಚ್ಚದೆ ಯಾವ ಕಷಾಯ, ಯಾವ ತೈಲವೂ ಪೂರ್ಣ ಫಲ ಕೊಡಲಾರದು.

ಗುಳಿಗೆಯನ್ನು ಬಿಡುವಾಗ ಮೊದಲ ಎರಡರಿಂದ ಹತ್ತು ದಿನ ನೋವು ಹೆಚ್ಚುವುದು ಸಹಜ. ಇದನ್ನು ಮೊದಲೇ ತಿಳಿದವರು ಎದೆಗುಂದುವುದಿಲ್ಲ. ಆದರೆ ಇದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಮಾಡಬೇಕು. ನಿದ್ರಾಜನಕ ಅಥವಾ ಅಫೀಮು ವರ್ಗದ ದ್ರವ್ಯಗಳಿರುವ ಗುಳಿಗೆಗಳನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು.

ಚಿಕಿತ್ಸೆಯ ಮೂರು ಮೆಟ್ಟಿಲುಗಳು

ಮೊದಲನೆಯದು, ಬರೆದಿಡುವುದು. ಕ್ಯಾಲೆಂಡರಿನ ಮೇಲೆಯೇ ನೋವು ಬಂದ ದಿನ, ಗಂಟೆ, ಹತ್ತರಲ್ಲಿ ಎಷ್ಟು ತೀವ್ರ, ಹಿಂದಿನ ರಾತ್ರಿಯ ನಿದ್ರೆ, ತಪ್ಪಿದ ಊಟ, ಸ್ತ್ರೀಯರಾದರೆ ಮುಟ್ಟಿನ ದಿನ, ಸೇವಿಸಿದ ಗುಳಿಗೆ ಇವುಗಳನ್ನು ಗುರುತು ಹಾಕಿರಿ. ಒಂದು ತಿಂಗಳ ಇಂತಹ ಹಾಳೆಯು ವೈದ್ಯರಿಗೆ ಕೊಡುವ ಮಾಹಿತಿಯನ್ನು ದುಬಾರಿ ಸ್ಕ್ಯಾನ್ ಕೊಡಲಾರದು. ಲಕ್ಷಣಗಳು ಸ್ಪಷ್ಟವಾಗಿದ್ದು ನರಗಳ ಪರೀಕ್ಷೆ ಸಹಜವಾಗಿದ್ದರೆ ಸಾಮಾನ್ಯವಾಗಿ ಸ್ಕ್ಯಾನ್ ಅಗತ್ಯವಿರುವುದಿಲ್ಲ.

ಎರಡನೆಯದು, ನೋವು ಬಂದಾಗಿನ ಚಿಕಿತ್ಸೆ. ಕತ್ತಲೆಯ, ಸದ್ದಿಲ್ಲದ ಕೋಣೆಯಲ್ಲಿ ಮಲಗುವುದು, ಹಣೆಗೆ ತಣ್ಣೀರಿನ ಬಟ್ಟೆ, ಸ್ವಲ್ಪ ಸ್ವಲ್ಪವಾಗಿ ನೀರು. ವೈದ್ಯರು ಸೂಚಿಸಿದ ಗುಳಿಗೆಯನ್ನು ನೋವಿನ ಆರಂಭದಲ್ಲಿಯೇ ಸೇವಿಸಬೇಕು. ನೋವು ಬಲಿತ ಮೇಲೆ ಜಠರದ ಚಲನೆ ಮಂದವಾಗಿ ಔಷಧವು ಸರಿಯಾಗಿ ಹೀರಲ್ಪಡುವುದಿಲ್ಲ. ಆದರೆ ವಾರಕ್ಕೆ ಎರಡು ದಿನಗಳ ಮಿತಿಯನ್ನು ಮೀರಬಾರದು.

ಮೂರನೆಯದು, ನೋವು ಬಾರದಂತೆ ತಡೆಯುವ ಚಿಕಿತ್ಸೆ. ದೀರ್ಘಕಾಲದ ರೋಗಿಗೆ ಇದೇ ಮುಖ್ಯ. ಆಯುರ್ವೇದದಲ್ಲಿ ಮೊದಲು ಅಗ್ನಿಯನ್ನು ಸರಿಪಡಿಸಿ, ಮಲಬದ್ಧತೆಯನ್ನು ನಿವಾರಿಸಿ, ಪಿತ್ತ ಪ್ರಧಾನರಿಗೆ ವಿರೇಚನ, ವಾತ ಪ್ರಧಾನರಿಗೆ ಸ್ನೇಹನ, ಬಸ್ತಿ, ಶಿರೋಬಸ್ತಿ ಮುಂತಾದವುಗಳನ್ನು ಯೋಜಿಸುತ್ತೇವೆ. ಶಿರಸ್ಸಿಗೆ ಮೂಗೇ ದ್ವಾರವೆಂದು ಶಾಸ್ತ್ರವು ಹೇಳುವುದರಿಂದ ನಸ್ಯಕ್ಕೆ ಪ್ರಥಮ ಸ್ಥಾನ. ಮುಖಕ್ಕೆ ಎಣ್ಣೆ ಸವರಿ, ಹಬೆ ಕೊಟ್ಟು, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಬೆಚ್ಚಗಿನ ಅಣುತೈಲ ಅಥವಾ ಷಡ್ಬಿಂದು ತೈಲವನ್ನು ಮೂಗಿನ ಹೊಳ್ಳೆಗಳಿಗೆ ಹಾಕಲಾಗುತ್ತದೆ. ಊಟವಾದ ಕೂಡಲೇ, ತಲೆಸ್ನಾನ ಮಾಡಿದ ಕೂಡಲೇ, ಜ್ವರ ಅಥವಾ ಹೊಸ ನೆಗಡಿಯಲ್ಲಿ, ಗರ್ಭಿಣಿಯರಿಗೆ ನಸ್ಯ ಸಲ್ಲದು.

ಒಳಗೆ ಸೇವಿಸಲು ಶಾರ್ಙ್ಗಧರ ಸಂಹಿತೆಯ ಪಥ್ಯಾದಿ ಕ್ವಾಥವು ಪ್ರಸಿದ್ಧ. ಅಳಲೆ, ತಾರೆ, ನೆಲ್ಲಿ, ನೆಲಬೇವು, ಅರಿಶಿನ, ಬೇವು, ಅಮೃತಬಳ್ಳಿಗಳ ಕಷಾಯಕ್ಕೆ ಬೆಲ್ಲ ಸೇರಿಸಿ ಕೊಡುವ ಯೋಗವಿದು. ಯಕೃತ್ತಿನ ತೊಂದರೆಯುಳ್ಳವರು, ಮಧುಮೇಹಿಗಳು, ಗರ್ಭಿಣಿಯರು ಇದನ್ನು ತಾವಾಗಿಯೇ ಆರಂಭಿಸಬಾರದು. ಭಸ್ಮ ಹಾಗೂ ರಸೌಷಧಗಳನ್ನು ಪರಿಚಿತ ವೈದ್ಯರ ಕೈಯಿಂದಲ್ಲದೆ ಬೇರೆಲ್ಲಿಯೂ ಕೊಳ್ಳಬೇಡಿರಿ. ಜಾತ್ರೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ ಪುಡಿಗಳಲ್ಲಿ ಏನಿದೆಯೆಂದು ಮಾರುವವನಿಗೂ ತಿಳಿದಿರುವುದಿಲ್ಲ.

ನಮ್ಮ ಪದ್ಧತಿಯಷ್ಟೇ ಸಾಕೆಂದು ನಾವು ಹೇಳುವುದಿಲ್ಲ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನರಿಜಿನ್, ಟೋಪಿರಾಮೇಟ್ ಮೊದಲಾದ ತಡೆಗಟ್ಟುವ ಔಷಧಗಳಿಂದ ಅನೇಕರಿಗೆ ಹಿತವಾಗಿದೆ. ಅವುಗಳಿಗೂ ಬಗ್ಗದವರಿಗೆ ನರರೋಗ ತಜ್ಞರಲ್ಲಿ, ಮೂರು ತಿಂಗಳಿಗೊಮ್ಮೆ ಕೊಡುವ ಬೊಟುಲಿನಮ್ ಚುಚ್ಚುಮದ್ದು ಮುಂತಾದ ಹೊಸ ಉಪಾಯಗಳಿವೆ. ಈಗಾಗಲೇ ಇಂತಹ ಔಷಧ ಸೇವಿಸುತ್ತಿರುವವರು ಆಯುರ್ವೇದಕ್ಕೆ ಬಂದೆವೆಂದು ಅದನ್ನು ಒಮ್ಮೆಲೇ ನಿಲ್ಲಿಸಬಾರದು. ಪ್ರೊಪ್ರನೊಲಾಲ್ ಥಟ್ಟನೆ ನಿಂತರೆ ಹೃದಯಕ್ಕೆ ತೊಂದರೆಯಾಗಬಹುದು. ಸಂತಾನ ಬಯಸುವ ಸ್ತ್ರೀಯರು ಔಷಧ ಆರಂಭಿಸುವ ಮೊದಲೇ ಅದನ್ನು ವೈದ್ಯರಿಗೆ ತಿಳಿಸಬೇಕು. ಇಬ್ಬರು ವೈದ್ಯರಲ್ಲಿ ಚಿಕಿತ್ಸೆ ಪಡೆಯುವವರು ಇಬ್ಬರಿಗೂ ಎಲ್ಲವನ್ನೂ ಹೇಳಬೇಕು.

ಯಾವ ಪದ್ಧತಿಯಾದರೂ ಸರಿ, ಫಲವನ್ನು ಅಳೆಯಲು ಎರಡು ಮೂರು ತಿಂಗಳು ಬೇಕು. ಹದಿನೈದು ದಿನಕ್ಕೊಬ್ಬ ವೈದ್ಯರನ್ನು ಬದಲಿಸುವವರಿಗೆ ಯಾವುದೂ ಫಲಿಸದು. ತಿಂಗಳಿಗೆ 16 ದಿನ ಇದ್ದ ನೋವು 8 ದಿನಕ್ಕೆ ಇಳಿದರೆ ಆ ಚಿಕಿತ್ಸೆಯು ಫಲಕಾರಿಯೆಂದೇ ತಿಳಿಯಬೇಕು. ಒಂದೇ ವಾರದಲ್ಲಿ ಬುಡಸಮೇತ ಕೀಳುತ್ತೇವೆ ಎಂಬ ಮಾತನ್ನು ನಂಬಬೇಡಿರಿ.

ದಿನಚರಿ, ಪೂಜೆ ಮತ್ತು ಉಪವಾಸ

ಮೈಗ್ರೇನ್ ಇರುವವರ ಮೆದುಳು ಬದಲಾವಣೆಯನ್ನು ಸಹಿಸದು. ಏಳುವುದು, ಉಣ್ಣುವುದು, ಮಲಗುವುದು ಪ್ರತಿದಿನವೂ ಒಂದೇ ಹೊತ್ತಿಗೆ ಆಗಬೇಕು. ಹಸಿವು, ನಿದ್ರಾಭಂಗ, ಬಿಸಿಲು, ಮಾನಸಿಕ ಒತ್ತಡ ಇವು ಬಹಳಷ್ಟು ಮಂದಿಗೆ ಪ್ರಚೋದಕಗಳು. ಆಹಾರದ ವಿಷಯದಲ್ಲಿ ಎಲ್ಲರಿಗೂ ಒಂದೇ ಪಟ್ಟಿ ಇಲ್ಲ. ಒಬ್ಬರಿಗೆ ಹುಳಿ ಮಜ್ಜಿಗೆ, ಇನ್ನೊಬ್ಬರಿಗೆ ಕರಿದ ಮಿರ್ಚಿ, ಮತ್ತೊಬ್ಬರಿಗೆ ಚಾಕೊಲೇಟ್. ಬರೆದಿಟ್ಟ ಹಾಳೆಯೇ ನಿಮ್ಮ ಪಟ್ಟಿ. ಚಹಾ ದಿನಕ್ಕೆ ಎರಡು ಲೋಟ ಸಾಕು. ಆದರೆ ದಿನವೂ ಕುಡಿಯುವವರು ಒಮ್ಮೆಲೇ ಬಿಟ್ಟರೂ ತಲೆನೋವು ಬರುತ್ತದೆ, ಕ್ರಮೇಣ ಕಡಿಮೆ ಮಾಡಿರಿ.

ಶ್ರಾವಣ ಸೋಮವಾರದ ಉಪವಾಸ, ಶಿವರಾತ್ರಿಯ ಜಾಗರಣೆಗಳ ಮರುದಿನ ಚಿಕಿತ್ಸಾಲಯಕ್ಕೆ ಬರುವ ಅರೆತಲೆನೋವಿನ ರೋಗಿಗಳು ಹೆಚ್ಚು. ಭಕ್ತಿಗೆ ಅಡ್ಡ ಬರುವುದು ನಮ್ಮ ಉದ್ದೇಶವಲ್ಲ. ಆದರೆ ದೇಹವನ್ನು ದಂಡಿಸುವುದೇ ಭಕ್ತಿಯಲ್ಲ ಎಂಬುದು ಶರಣಧರ್ಮದ ತಿಳಿವಳಿಕೆ. ಈ ವ್ಯಾಧಿಯುಳ್ಳವರು ನಿರಾಹಾರದ ಬದಲು ಹಾಲು, ಹಣ್ಣುಗಳನ್ನು ಹೊತ್ತಿಗೆ ಸರಿಯಾಗಿ ಸೇವಿಸಲಿ. ಪೂಜೆಯಾಗದೆ ಆಹಾರ ಮುಟ್ಟದವರು ಬೇಗನೆದ್ದು ಇಷ್ಟಲಿಂಗ ಪೂಜೆಯನ್ನು ಮುಗಿಸಿ, ಎದ್ದ ಒಂದೂವರೆ ಗಂಟೆಯೊಳಗೆ ಉಪಾಹಾರ ಮಾಡಲಿ. ನೋವಿನ ದಿನ ದೃಷ್ಟಿಯನ್ನು ನೆಟ್ಟು ನೋಡುವುದು ಕಷ್ಟವಾದರೆ ಕಣ್ಣು ಮುಚ್ಚಿ ಷಡಕ್ಷರಿಯ ಜಪ ಮಾಡಲಿ. ಪೂಜೆಯ ಕೋಣೆಯಲ್ಲಿ ಗಾಳಿಯಾಡಲಿ. ಊದಿನಕಡ್ಡಿಯ ಗಾಢವಾದ ವಾಸನೆಯೂ ಕೆಲವರಿಗೆ ನೋವನ್ನು ಕೆರಳಿಸುತ್ತದೆ.

ಯೋಗಾಭ್ಯಾಸದ ಬಗ್ಗೆ ಆಧಾರವಿದೆ. ದೆಹಲಿಯ ಏಮ್ಸ್ ಸಂಸ್ಥೆಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧದ ಜೊತೆಗೆ ಮೂರು ತಿಂಗಳು ಯೋಗ ಮಾಡಿದವರಲ್ಲಿ, ಔಷಧವನ್ನು ಮಾತ್ರ ಪಡೆದವರಿಗಿಂತ ನೋವಿನ ಆವರ್ತನೆಯೂ ತೀವ್ರತೆಯೂ ಹೆಚ್ಚು ತಗ್ಗಿದವು, ಗುಳಿಗೆಗಳ ಬಳಕೆಯೂ ಇಳಿಯಿತು. ಸರಳ ಆಸನ, ನಾಡಿಶೋಧನ, ಭ್ರಾಮರಿ, ಶವಾಸನಗಳನ್ನು ಬಲ್ಲವರಿಂದ ಕಲಿತು ನಿತ್ಯವೂ ಮಾಡಿರಿ. ನೋವಿರುವಾಗ ಶೀರ್ಷಾಸನ, ರಭಸದ ಕಪಾಲಭಾತಿ ಬೇಡ.

ತಡಮಾಡದೆ ಆಸ್ಪತ್ರೆಗೆ

ಕ್ಷಣಾರ್ಧದಲ್ಲಿ ಸಿಡಿಲಿನಂತೆ ಎರಗಿದ, ಹಿಂದೆಂದೂ ಕಾಣದ ತಲೆನೋವು, ಜ್ವರದೊಡನೆ ಕತ್ತು ಬಿಗಿಯುವುದು, ಕೈಕಾಲು ಬಲಗುಂದುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಮೂರ್ಛೆ ಅಥವಾ ಫಿಟ್ಸ್, ದೃಷ್ಟಿ ಮಂದವಾಗುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, 50 ವರ್ಷದ ನಂತರ ಮೊದಲ ಬಾರಿಗೆ ಬಂದ ನೋವು, ಗರ್ಭಿಣಿ ಅಥವಾ ಬಾಣಂತಿಯರಲ್ಲಿ ಹೊಸದಾಗಿ ಬಂದ ತೀವ್ರ ನೋವು. ಇವುಗಳಲ್ಲಿ ಒಂದಿದ್ದರೂ ಮನೆಮದ್ದಿಗೆ ಕೈಹಾಕದೆ, ನಮ್ಮಲ್ಲಿಗೂ ಬಾರದೆ, ಸಕಲ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು.

ಮನೆಯವರಲ್ಲಿ ಒಂದು ಬಿನ್ನಹ

ಔಷಧದಷ್ಟೇ ಮುಖ್ಯವಾದುದು ಮನೆಯವರ ನಂಬಿಕೆ. ಅತ್ತೆಯವರು ಸೊಸೆಯನ್ನು ಅರ್ಧ ದಿನ ಕತ್ತಲ ಕೋಣೆಯಲ್ಲಿ ಮಲಗಲು ಬಿಟ್ಟರೆ, ಪತಿಯು ಅಂದು ಮಕ್ಕಳಿಗೆ ಅನ್ನ ಬಡಿಸಿದರೆ, ಅದೂ ದಾಸೋಹವೇ. ನೋವಿನ ಭಾರ ಹೊರಗೆ ಕಾಣಿಸದಿದ್ದರೂ ಅದನ್ನು ಹಂಚಿಕೊಳ್ಳಲು ಸಾಧ್ಯವಿದೆ. ಇಂದೇ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಪೆನ್ನನ್ನು ಕಟ್ಟಿಡಿರಿ. ಮುಂದಿನ ತಿಂಗಳು ಆ ಹಾಳೆಯೊಡನೆ ನಿಮ್ಮ ವೈದ್ಯರನ್ನು ಕಾಣಿರಿ.