ಕುಣಿತವೂ ಸ್ತ್ರೀಯರ ಆರೋಗ್ಯವೂ

ಕುಣಿತವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ರಂಗಸ್ಥಳ, ವೇಷಭೂಷಣ, ಚಪ್ಪಾಳೆ ಮತ್ತು ಬಹುಮಾನ. ಅದು ಕಣ್ಣಿಗೆ ಹಬ್ಬ, ಮನಸ್ಸಿಗೆ ಉಲ್ಲಾಸ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದು ದೇಹಕ್ಕೂ ಉತ್ತಮ ವ್ಯಾಯಾಮ. ಅದರಲ್ಲಿಯೂ ಸ್ತ್ರೀಯರಿಗೆ ಬಾಲ್ಯದಿಂದ ವೃದ್ಧಾಪ್ಯದವರೆಗೆ ಉಪಕಾರಿಯಾದ ವ್ಯಾಯಾಮ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಈ ವಿಚಾರವನ್ನು ವಿದ್ಯಾರ್ಥಿನಿಯರೂ ಅವರ ಮಾತಾಪಿತೃಗಳೂ ಕೂಡಿ ಆಲೋಚಿಸುವುದು ಯುಕ್ತವಾಗಿದೆ.

ಕುಣಿತದ ವಿಷಯದಲ್ಲಿ ನಮ್ಮ ಕಾಸರಗೋಡು ಬಡವಾದ ನಾಡಲ್ಲ. ಇದು ಕುಂಬಳೆಯ ಪಾರ್ತಿಸುಬ್ಬನ ನಾಡು. ಹಿಂದೆ ಪುರುಷರಿಗೇ ಮೀಸಲಾಗಿದ್ದ ಯಕ್ಷಗಾನದ ಹೆಜ್ಜೆಗಳನ್ನು ಈಗ ಹೆಣ್ಣುಮಕ್ಕಳೂ ಕಲಿತು ಕುಣಿಯುತ್ತಿದ್ದಾರೆ. ಕೋಲಾಟವಿದೆ, ಮಲಯಾಳದ ನೆರೆಯಿಂದ ನಮಗೆ ಪರಿಚಿತವಾದ ಕೈಕೊಟ್ಟಿಕಳಿಯೂ ಇದೆ. 1957ರಲ್ಲಿ ಆರಂಭವಾದ ಕೇರಳ ರಾಜ್ಯ ಶಾಲಾ ಕಲೋತ್ಸವವು 2019ರಲ್ಲಿ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲಿಯೇ ಜರಗಿತು. ಇಂತಹ ಉತ್ಸವಗಳಿಗಾಗಿ ನಮ್ಮ ಬಾಲಿಕೆಯರು ತಿಂಗಳುಗಟ್ಟಲೆ ಬೆವರು ಸುರಿಸುತ್ತಾರೆ. ಆದರೆ ಶಾಲೆಯನ್ನು ಬಿಟ್ಟೊಡನೆ ಅನೇಕರ ಗೆಜ್ಜೆ ಪೆಟ್ಟಿಗೆಯನ್ನು ಸೇರುತ್ತದೆ. ಹದಿನಾರನೆಯ ವಯಸ್ಸಿನಲ್ಲಿ ಹೀಗೆ ನಿಂತುಹೋಗುವುದು ಕಲೆಯ ಅಭ್ಯಾಸ ಮಾತ್ರವಲ್ಲ, ದೇಹದ ಅಭ್ಯಾಸವೂ ಹೌದು.

ಕೈಕೊಟ್ಟಿಕಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಧನುರ್ಮಾಸದ ಆರ್ದ್ರಾ ನಕ್ಷತ್ರದ ದಿನ, ಎಂದರೆ ತಿರುವಾದಿರದಂದು, ಉರಿಯುವ ಕಾಲುದೀಪದ ಸುತ್ತಲೂ ಸ್ತ್ರೀಯರು ವರ್ತುಲಾಕಾರವಾಗಿ ನಿಂತು, ಹಾಡಿನ ಲಯಕ್ಕೆ ತಕ್ಕಂತೆ ಚಪ್ಪಾಳೆ ತಟ್ಟುತ್ತಾ ಕುಣಿಯುತ್ತಾರೆ. ಇದರಲ್ಲಿ ಮುಂದಕ್ಕೆ ಬಾಗುವುದು, ಏಳುವುದು, ಪಕ್ಕಕ್ಕೆ ಸರಿಯುವುದು, ತಿರುಗುವುದು, ತೋಳುಗಳನ್ನು ಬೀಸುವುದು ಇವೆಲ್ಲವೂ ಸೇರಿವೆ. ತೊಡೆ, ಮೀನಖಂಡ, ಸೊಂಟ, ಬೆನ್ನು, ಹೆಗಲು ಎಲ್ಲಕ್ಕೂ ಕೆಲಸ ದೊರೆಯುತ್ತದೆ. ಇದಕ್ಕೆ ಬೆಲೆಬಾಳುವ ಉಪಕರಣಗಳು ಬೇಡ; ಒಂದು ಅಂಗಳವೂ ನಾಲ್ಕು ಮಂದಿ ಗೆಳತಿಯರೂ ಇದ್ದರೆ ಸಾಕು.

ಇದರಿಂದ ದೇಹಕ್ಕೆ ಆಗುವ ಪ್ರಯೋಜನವೇನು? ಮೊದಲನೆಯದು ಹೃದಯಕ್ಕೆ. ಕುಣಿಯುವಾಗ ಮಾಂಸಖಂಡಗಳಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಅದನ್ನೊದಗಿಸಲು ಹೃದಯವು ವೇಗವಾಗಿ ಬಡಿಯುತ್ತದೆ, ಶ್ವಾಸಕೋಶಗಳು ಚೆನ್ನಾಗಿ ಹಿಗ್ಗುತ್ತವೆ. ದಿನದಿನವೂ ಹೀಗೆ ಅಭ್ಯಾಸವಾದ ಹೃದಯವು ಕಡಿಮೆ ಬಡಿತಗಳಿಂದಲೇ ಹೆಚ್ಚು ರಕ್ತವನ್ನು ಸಾಗಿಸಲು ಸಮರ್ಥವಾಗುತ್ತದೆ. ದುಡಿಯುವ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನೂ ಬಳಸಿಕೊಳ್ಳುವುದರಿಂದ, ಇಂದು ಮನೆಮನೆಯ ಮಾತಾಗಿರುವ ಸಕ್ಕರೆ ಕಾಯಿಲೆಯನ್ನು ದೂರವಿಡಲು ಇದು ನೆರವಾಗುತ್ತದೆ.

ಎರಡನೆಯದು ಎಲುಬಿಗೆ. ನಮ್ಮ ದೇಹದ ಭಾರವನ್ನು ನಾವೇ ಹೊತ್ತು ಹೆಜ್ಜೆಯಿಟ್ಟಾಗ ಎಲುಬುಗಳ ಮೇಲೆ ಬೀಳುವ ಒತ್ತಡವು ಅವುಗಳನ್ನು ಗಟ್ಟಿಮಾಡುತ್ತದೆ. ಎಲುಬಿನ ಸಂಪತ್ತಿನ ಬಹುಭಾಗವು ಇಪ್ಪತ್ತು ವರ್ಷಗಳೊಳಗೆ ಸಂಗ್ರಹವಾಗುತ್ತದೆ. ಋತುಸ್ರಾವವು ನಿಂತ ತರುವಾಯ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಆ ಸಂಪತ್ತು ಬೇಗಬೇಗನೆ ಕರಗತೊಡಗುತ್ತದೆ. ಬಾಲ್ಯದಲ್ಲಿ ಕೂಡಿಟ್ಟವಳಿಗೆ ಮುಪ್ಪಿನಲ್ಲಿ ಉಳಿತಾಯವಿರುತ್ತದೆ. ಮುಂದೆಯೂ ಕುಣಿಯುವವಳಿಗೆ ವ್ಯಯವು ನಿಧಾನವಾಗುತ್ತದೆ.

ಮೂರನೆಯದು ಸಮತೋಲ. ವೃದ್ಧೆಯರು ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿಯುವುದನ್ನು ನಾವು ಕಂಡಿದ್ದೇವೆ. ಈ ವಿಷಯದಲ್ಲಿ ದೂರದ ಗ್ರೀಸ್ ದೇಶದಿಂದ ನಮಗೊಂದು ಪಾಠವಿದೆ. ಅಲ್ಲಿಯ ಕಲಮತಿಯಾನೋಸ್ ಎಂಬ ಜನಪದ ನೃತ್ಯವು ಹನ್ನೆರಡು ಹೆಜ್ಜೆಗಳದು. ಕೈಕೈ ಹಿಡಿದು ವರ್ತುಲವಾಗಿ ಸಾಗುವುದು ಅದರ ಕ್ರಮ. ಅಲ್ಲಿನ ಸಾಂಪ್ರದಾಯಿಕ ನೃತ್ಯಗಳನ್ನು ಹತ್ತು ವಾರಗಳ ಕಾಲ ಅಭ್ಯಾಸ ಮಾಡಿದ ವಯೋವೃದ್ಧರಲ್ಲಿ ದೇಹದ ಸಮತೋಲವು ಸುಧಾರಿಸಿತೆಂದು 2009ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತಿಳಿಸುತ್ತದೆ. ದೀಪದ ಸುತ್ತ ಲಯಬದ್ಧವಾಗಿ ಸುತ್ತುವ ನಮ್ಮ ಕುಣಿತವೂ ಇದೇ ಜಾತಿಯದಲ್ಲವೇ?

“ಮನೆಗೆಲಸ ಮಾಡುವ ಹೆಂಗಸಿಗೆ ಬೇರೆ ವ್ಯಾಯಾಮವೇಕೆ?” ಎಂದು ಕೆಲವರು ಕೇಳಬಹುದು. ಬಾವಿಯಿಂದ ನೀರು ಸೇದಿ, ಒರಳಿನಲ್ಲಿ ರುಬ್ಬುತ್ತಿದ್ದ ಕಾಲದಲ್ಲಿ ಆ ಪ್ರಶ್ನೆಗೆ ಕೊಂಚ ಅರ್ಥವಿತ್ತು. ಇಂದು ನಲ್ಲಿಯೂ ಮಿಕ್ಸಿಯೂ ಬಂದಿವೆ. ಬೀಡಿ ಕಟ್ಟುವುದು, ಅಡಿಕೆ ಸುಲಿಯುವುದು, ಹೊಲಿಗೆ ಇವು ಕುಳಿತು ಮಾಡುವ ಕೆಲಸಗಳು. ಇವುಗಳಿಂದ ಬೆನ್ನು ನೋಯುತ್ತದೆಯೇ ಹೊರತು ಹೃದಯಕ್ಕೆ ಬಲ ಬರುವುದಿಲ್ಲ. ಆಯಾಸವೇ ಬೇರೆ, ವ್ಯಾಯಾಮವೇ ಬೇರೆ. 2022ರ ಸ್ಥಿತಿಯನ್ನು ಕುರಿತ ಅಂದಾಜಿನಂತೆ, ಭಾರತದ ವಯಸ್ಕ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 57 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲ. ಪುರುಷರಲ್ಲಿ ಈ ಸಂಖ್ಯೆ ಸುಮಾರು 42. ಈ ಅಂತರವು ಯಾರಿಗೆ ವಿರಾಮ ದೊರೆಯುತ್ತದೆ, ಯಾರಿಗೆ ದೊರೆಯುವುದಿಲ್ಲ ಎಂಬುದನ್ನು ನಾವು ಕೇಳಿಕೊಳ್ಳುವಂತೆ ಮಾಡುತ್ತದೆ.

ಎಷ್ಟು ಕುಣಿಯಬೇಕು? ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವೂ, 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ವಾರದಲ್ಲಿ ಐದು ದಿನ ಅರ್ಧ ಗಂಟೆಯಂತೆ ಕುಣಿದರೆ ತಾಯಂದಿರ ಲೆಕ್ಕವು ತುಂಬುತ್ತದೆ. ಕುಣಿಯುತ್ತಾ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಕಷ್ಟವಾಗಬೇಕು; ಮಧ್ಯಮ ಶ್ರಮಕ್ಕೆ ಇದೇ ಸುಲಭವಾದ ಅಳತೆಗೋಲು. ಗತಿ ಏರಿದಾಗ ಹಾಡುವ ಭಾರವನ್ನು ಹೊರಗೆ ಕುಳಿತವರಿಗೆ ಒಪ್ಪಿಸಿದರಾಯಿತು.

ಕೆಲವು ಎಚ್ಚರಿಕೆಗಳೂ ಅಗತ್ಯ. ಮೊದಲು ನಿಧಾನವಾಗಿ ಮೈ ಬಿಸಿಮಾಡಿಕೊಳ್ಳಬೇಕು. ಗಟ್ಟಿಯಾದ ಸಿಮೆಂಟು ನೆಲದ ಮೇಲೆ ಬಹಳ ಹೊತ್ತು ಹಾರಿ ಕುಣಿದರೆ ಮಂಡಿಗೆ ನೋವಾದೀತು. ಎದೆನೋವು, ತಲೆಸುತ್ತು ಕಂಡುಬಂದರೆ ತಕ್ಷಣ ನಿಲ್ಲಿಸಬೇಕು. ಗರ್ಭಿಣಿಯರೂ ಹೃದ್ರೋಗಿಗಳೂ ವೈದ್ಯರ ಸಲಹೆಯನ್ನು ಪಡೆಯಲಿ. ರಕ್ತಹೀನತೆಯಿಂದ ಬಳಲುವವಳಿಗೆ ಮೊದಲು ಬೇಕಾದುದು ಚಿಕಿತ್ಸೆ ಮತ್ತು ಪುಷ್ಟಿಕರವಾದ ಆಹಾರ. ಸೊಪ್ಪು, ಕಾಳು, ಮೊಟ್ಟೆ, ಮೀನುಗಳ ಸ್ಥಾನವನ್ನು ಯಾವ ಕುಣಿತವೂ ತುಂಬಲಾರದು.

ಪ್ರಿಯ ವಿದ್ಯಾರ್ಥಿನಿಯರೇ, ಶಾಲೆಯಲ್ಲಿ ಕಲಿತ ಹೆಜ್ಜೆಯನ್ನು ಶಾಲೆಯಲ್ಲಿಯೇ ಬಿಟ್ಟುಹೋಗಬೇಡಿರಿ. ನಿಮ್ಮ ತಾಯಿಗೂ ಅಜ್ಜಿಗೂ ಅದನ್ನು ಕಲಿಸಿರಿ. ಅವರಿಗೆ ತಿಳಿದುದನ್ನು ಅವರಿಂದ ಕಲಿಯಿರಿ. ಪೋಷಕರೇ, ಮಗಳು ಬೆಳೆದಳೆಂಬ ಕಾರಣಕ್ಕೆ ಅವಳ ಕುಣಿತವನ್ನು ನಿಲ್ಲಿಸಬೇಡಿರಿ. ಮನೆಯ ಹೆಂಗಸರಿಗೆ ಸಂಜೆಯ ಅರ್ಧ ಗಂಟೆಯ ಬಿಡುವನ್ನು ಒದಗಿಸಿಕೊಡುವುದು ಮನೆಯವರೆಲ್ಲರ ಕರ್ತವ್ಯ. ಆ ಅರ್ಧ ಗಂಟೆ ಅಡುಗೆಯ ಒಲೆಯನ್ನು ಬೇರೊಬ್ಬರು ನೋಡಿಕೊಂಡರೆ ಯಾವ ಹಾನಿಯೂ ಇಲ್ಲ.