‘ಟಕ್’ ಅಂದದ್ದು ಕ್ರಾಸೋ, ಹೌಸಿಂಗೋ?

ಹಳೇ ಪಿಕಪ್ ಇಟ್ಟುಕೊಂಡ ಕೃಷಿಕರಿಗೆ ಈ ಸದ್ದು ಗೊತ್ತಿರ್ತದೆ. ಒಂದನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟ ಕೂಡಲೇ ಅಡಿಯಿಂದ ‘ಟಕ್’. ರಿವರ್ಸಿಗೆ ಹಾಕಿದರೆ ಮತ್ತೊಂದು. ನನ್ನದು 2004ರ ಮಾದರಿಯ ಗಾಡಿ. ಬಾಡದ ಹೊಯ್ಗೆ ಗದ್ದೆಯ ಶೇಂಗಾ, ಕಲ್ಲಂಗಡಿ ಕುಮಟೆಗೆ ಹೋಗುವುದು ಇದರಲ್ಲೇ. ದೇವಿಮನೆ ಘಟ್ಟ ಹತ್ತಿ ಶಿರಸಿಗೂ ಹೋಗ್ತದೆ. ಸದ್ದು ಕೇಳಿ ಒಂದು ಗ್ಯಾರೇಜಿನವರು ‘ಹಿಂದಿನ ಹೌಸಿಂಗ್ ಬಿಚ್ಚಬೇಕು, ಕ್ರೌನ್-ಪಿನಿಯನ್ ಹೋಗಿದೆ’ ಎಂದರು. ಕಲ್ಲಂಗಡಿ ಕೊಯ್ಲಿಗೆ ಬಂದಿತ್ತು. ನಾನು ಬಿಚ್ಚಲು ಬಿಡಲಿಲ್ಲ. ಅಡಿಗೆ ಮಲಗಿ ನೋಡಿದರೆ ಹೋಗಿದ್ದು ಒಂದು ಕ್ರಾಸ್ ಮಾತ್ರ.

ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಶಕ್ತಿ ಒಯ್ಯುವ ಉದ್ದ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಅದರ ತುದಿಯ ಜಾಯಿಂಟಿನಲ್ಲಿ ಕೂಡಿಸುವ ಚಿಹ್ನೆಯ ಆಕಾರದ ಉಕ್ಕಿನ ತುಂಡಿರ್ತದೆ. ಅದು ಕ್ರಾಸ್. ನಾಲ್ಕು ತೋಳಿಗೆ ನಾಲ್ಕು ಕಪ್, ಕಪ್ಪಿನೊಳಗೆ ಸೂಜಿಯಂಥ ಬೇರಿಂಗ್.

ಪರೀಕ್ಷೆಗೆ ಕಾಲು ಗಂಟೆ ಸಾಕು. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ. ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದರಲ್ಲಿ ಜಾಯಿಂಟಿನ ಆಚೆಯ ಯೋಕ್ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ. ಮೇಲೆ ಕೆಳಗೂ ಅಲುಗಾಡಿಸಿ. ಜಾಯಿಂಟಿನಲ್ಲೇ ಆಟ ಕಂಡರೆ ಕ್ರಾಸ್ ಸವೆದಿದೆ. ಕಪ್ಪಿನ ಬಾಯಲ್ಲಿ ಕೆಂಪು ತುಕ್ಕಿನ ಪುಡಿ ಇದ್ದರೆ ಸಂಶಯವೇ ಬೇಡ. ಜಾಯಿಂಟ್ ಬಿಗಿ ಇದ್ದು ಶಾಫ್ಟ್ ಇಡಿಯಾಗಿ ತುಂಬಾ ತಿರುಗಿದರೆ ಮಾತ್ರ ಹೌಸಿಂಗ್ ಕಡೆ ನೋಡಿ. ಅಲ್ಲಿ ಸ್ವಲ್ಪ ಆಟ ಇರಲೇಬೇಕು. ಓಡುವಾಗ ‘ಗುಂಯ್’ ಎಂದು, ಎಕ್ಸಲೇಟರ್ ಬಿಟ್ಟಾಗ ದನಿ ಬದಲಾದರೆ ಅದು ಹಲ್ಲುಗಳ ಕತೆ.

ಸವೆದ ಕ್ರಾಸಿನಲ್ಲಿ ಘಟ್ಟ ಇಳಿಯುವುದು ಮಾತ್ರ ಬೇಡ ಮಾರಾಯ್ರೆ. ತುಂಡಾದರೆ ಎಂಜಿನ್ನಿನ ಹಿಡಿತ ಆ ಕ್ಷಣವೇ ತಪ್ಪಿತು. ಶಾಫ್ಟಿನ ಮುಂದಿನ ತುದಿ ಕಳಚಿ ರಸ್ತೆಗೆ ಕುತ್ತಿದರೆ ಗಾಡಿಯೇ ಎತ್ತಿ ಬೀಳಬಹುದು.

ಬಿಚ್ಚುವ ಮೊದಲು ಫ್ಲಾಂಜಿಗೂ ಯೋಕಿಗೂ, ಜಾರುವ ಹಲ್ಲಿನ ಎರಡೂ ಭಾಗಕ್ಕೂ ಪೈಂಟಿನ ಗುರುತು ಹಾಕಿ. ಇದನ್ನು ಬಹಳ ಮಂದಿ ಬಿಡ್ತಾರೆ. ಓರೆಯಾಗಿ ತಿರುಗುವ ಕ್ರಾಸ್ ಪ್ರತಿ ಸುತ್ತಿಗೆ ಎರಡು ಸಲ ವೇಗ ಹೆಚ್ಚು ಕಡಿಮೆ ಮಾಡ್ತದೆ. ಇನ್ನೊಂದು ತುದಿಯ ಕ್ರಾಸ್ ಅದನ್ನು ಸರಿದೂಗಿಸುವುದು ಎರಡೂ ಯೋಕ್ ಒಂದೇ ನೇರದಲ್ಲಿದ್ದರೆ ಮಾತ್ರ. ಒಂದು ಹಲ್ಲು ತಪ್ಪಿ ಕೂತರೂ ಗಾಡಿ ನಡುಗ್ತದೆ, ಹೊಸ ಕ್ರಾಸೂ ಬೇಗ ಸಾಯ್ತದೆ.

ಲಾಕ್ ತೆಗೆದು, ಶಾಫ್ಟನ್ನು ವೈಸಿನಲ್ಲಿಟ್ಟು, ಒಂದು ಬದಿ ಸಣ್ಣ ಸಾಕೆಟ್, ಎದುರು ಬದಿ ಕಪ್ ಹಿಡಿಸುವಷ್ಟು ದೊಡ್ಡದು ಕೊಟ್ಟು ಒತ್ತಿ. ಕೊಳವೆಗೆ ಸುತ್ತಿಗೆ ಪೆಟ್ಟು ಬೀಳಬಾರದು. ತಗ್ಗು ಬಿದ್ದರೆ ಬ್ಯಾಲೆನ್ಸ್ ಹೋಯ್ತು. ಹೊಸ ಕಪ್ ಕೂರಿಸುವಾಗ ಸೂಜಿಗಳು ಗ್ರೀಸಿನಲ್ಲಿ ಅಂಟಿ ನೆಟ್ಟಗೆ ನಿಂತಿರಲಿ. ಒಂದು ಅಡ್ಡ ಬಿದ್ದರೂ ಕಪ್ ಪೂರ್ತಿ ಇಳಿಯದು, ಲಾಕ್ ಕೂರದು. ಆಗ ಹೊಡೆಯಬೇಡಿ, ತೆಗೆದು ನೋಡಿ. ನಿಪ್ಪಲ್ ಗನ್ನಿಗೆ ಸಿಗುವಂತಿರಲಿ. ನಾಲ್ಕೂ ಕಪ್ಪಿನಿಂದ ಹೊರಬರುವ ತನಕ ಗ್ರೀಸ್ ಹೊಡೆಯಿರಿ.

ಯೋಕಿನ ತೂತೇ ಸವೆದು ಕಪ್ ಬೆರಳಿನಲ್ಲಿ ತಿರುಗುವಂತಿದ್ದರೆ ಕೆಲವರು ತಗಡು ತುರುಕ್ತಾರೆ, ಪಂಚ್ ಹೊಡೆದು ಬಿಗಿ ಮಾಡ್ತಾರೆ. ಅದು ರಿಪೇರಿಯಲ್ಲ. ಯೋಕ್ ಬದಲಿಸಬೇಕು, ಬೆಸುಗೆಯಾದ ಮೇಲೆ ಶಾಫ್ಟ್ ಬ್ಯಾಲೆನ್ಸ್ ಮಾಡಿಸಬೇಕು. ಕ್ರೌನ್-ಪಿನಿಯನ್ ಕೂಡ ಮನೆಯ ಕೆಲಸವಲ್ಲ. ಹಾಕುವುದಾದರೆ ಜೋಡಿಯಾಗಿಯೇ ಹಾಕಿಸಿ.

ನಮ್ಮ ಕರಾವಳಿಯಲ್ಲಿ ಮೀನಿನ ಬಾಡಿಗೆಯ ಐಸು ನೀರು, ಗಜನಿ ದಾರಿಯ ಉಪ್ಪುನೀರು ಎಲ್ಲ ಅಡಿಗೇ ಬೀಳುವುದು. ಅಂಥ ದಿನ ಸಿಹಿನೀರಿನಲ್ಲಿ ತೊಳೆದು ಗ್ರೀಸ್ ಹೊಡೆಯುವುದು ನನ್ನ ಪದ್ಧತಿ. ಬಿಸಿಯಾದ ಹೌಸಿಂಗ್ ನೀರಿಗಿಳಿದರೆ ತಣಿಯುವಾಗ ಸವೆದ ಸೀಲಿನಿಂದಲೂ ಬ್ರೀದರಿನಿಂದಲೂ ನೀರು ಎಳೆದುಕೊಳ್ತದೆ. ಒಳಗಿನ ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ಕೂಡಲೇ ಬದಲಿಸಿ. ಆದರೆ ಕೆಳಗಿನ ನಟ್ಟು ಬಿಚ್ಚುವ ಮೊದಲು, ಆಯಿಲ್ ತುಂಬುವ ಮೇಲಿನ ನಟ್ಟು ಬಿಚ್ಚಲು ಬರ್ತದೋ ನೋಡಿಕೊಳ್ಳಿ. ತುಕ್ಕು ಹಿಡಿದು ಅದು ಬಾರದಿದ್ದರೆ ಆಯಿಲ್ ಇಲ್ಲದ ಗಾಡಿ ಅಂಗಳದಲ್ಲೇ ಉಳೀತದೆ.